ನನ್ನ ಎಡಗಾಲೂ ಒಂದು ಸಂಶೋಧನಾ ಪ್ರಬಂಧವೂ

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮಾನ ಕಳೆಯುವ ಕಾಯಿಲೆ ಎಂದು ಎರಡು ಬಗೆಗಳಿವೆ. ಬಿ.ಪಿ., ಷುಗರ್ ಮೊದಲನೆಯ ಗುಂಪಿನವು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ‘ನನಗೆ ಷುಗರ್ ಕಣ್ರೀ’ ಎನ್ನುವವರ ದನಿಯಲ್ಲಿ ಒಂದು ಗತ್ತೇ ಇರುತ್ತದೆ. ಇಸುಬು ಹಾಗಲ್ಲ. ‘ನನಗೆ ಇಸುಬು’ ಎಂದು ಪಂಕ್ತಿಯಲ್ಲಿ ಕೂತು ಹೇಳಿ ನೋಡಿ, ಪಕ್ಕದವರು ಎಲೆ ಸಮೇತ ಆಚೆ ಸರಿಯುತ್ತಾರೆ. ನನಗಿದ್ದದ್ದು ಇಸುಬು. ಎಡಗಾಲಿನ ಗಿಣ್ಣಿನ ಮೇಲೆ, ಅಂಗೈಯಗಲದ ಜಾಗದಲ್ಲಿ. ಆಗ ನಾನು ನಂಜನಗೂಡಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದೆ. ಬೋರ್ಡಿನ ಮೇಲೆ ದಳಗಳನ್ನೂ ಕೇಸರಗಳನ್ನೂ ಬಿಡಿಸುತ್ತಿರುವಾಗಲೇ ಕಾಲು ಕಡಿಯಲು ಶುರುವಾಗುತ್ತಿತ್ತು. ಬಲಗಾಲಿನ ಮೇಲೆ ನಿಂತು, ಎಡಗಾಲನ್ನು ಮೇಜಿನ ಅಂಚಿಗೆ ಮೆಲ್ಲಗೆ ಉಜ್ಜಿಕೊಳ್ಳುತ್ತಾ ಪಾಠ ಮುಂದುವರಿಸುತ್ತಿದ್ದೆ. ಹುಡುಗರು ನನಗೆ ‘ಕೊಕ್ಕರೆ ಮೇಷ್ಟ್ರು’ ಎಂದು ಹೆಸರಿಟ್ಟಿದ್ದಾರೆಂದು ಬಹಳ ತಡವಾಗಿ ಗೊತ್ತಾಯಿತು. ಆದರೆ ನಾನು ಇಲ್ಲಿ ಹೇಳಹೊರಟಿರುವ ನಾಚಿಕೆ ಅದಲ್ಲ. ಇಸುಬಿಗೆ ನಾನು ಹೊಣೆಯಲ್ಲ. ಮುಂದಿನದಕ್ಕೆ ಬೇರೆ ಯಾರೂ ಹೊಣೆಯಲ್ಲ.

ಮುಲಾಮುಗಳ ಕಥೆ ಬೇಡ. ನಮ್ಮ ಮನೆಯ ಕಿಟಕಿಯ ದಂಡೆಯ ಮೇಲೆ ಹಿಂಡಿ ಚಪ್ಪಟೆಯಾದ ಟ್ಯೂಬುಗಳು ಸಾಲಾಗಿ ಮಲಗಿರುತ್ತಿದ್ದವು ಎಂದರೆ ಸಾಕು. ನನ್ನ ಹೆಂಡತಿ ಸುಮಿತ್ರೆಯ ತವರು ಟಿ. ನರಸೀಪುರದ ಆಚೆ, ಸೋಸಲೆಗೆ ಹತ್ತಿರದ ಒಂದು ಹಳ್ಳಿ. ಅಲ್ಲಿ ಪುಟ್ಟಮಾದಮ್ಮ ಎಂಬ ಅಜ್ಜಿ ಭಾನುವಾರ ಬೆಳಿಗ್ಗೆ ಇಸುಬಿಗೆ ಸೊಪ್ಪು ಅರೆದು ಹಚ್ಚುತ್ತಿತ್ತು. ದುಡ್ಡು ಮುಟ್ಟುತ್ತಿರಲಿಲ್ಲ, ಎರಡು ವೀಳ್ಯದೆಲೆ, ಒಂದು ಅಡಿಕೆ, ಅಷ್ಟೇ. ‘ಒಂದ್ಸಲ ಅಜ್ಜಿಗೆ ತೋರಿಸ್ರೀ’ ಎಂದು ಸುಮಿತ್ರೆ ಎರಡು ವರ್ಷ ಹೇಳಿದಳು. ‘ನಾನು ಸಸ್ಯಶಾಸ್ತ್ರ ಓದಿದವನು ಕಣೇ’ ಎಂದು ನಾನು ಎರಡು ವರ್ಷ ಹೇಳಿದೆ. ಕೊನೆಗೆ ಕಾಲೇ ನನ್ನನ್ನು ಎಳೆದುಕೊಂಡು ಹೋಯಿತು. ಮೂರು ಭಾನುವಾರ ಅಜ್ಜಿ ಹಸಿರು ಸೊಪ್ಪಿನ ಮುದ್ದೆ ಹಚ್ಚಿ ಬಟ್ಟೆ ಕಟ್ಟಿತು. ನಾಲ್ಕನೆಯ ಭಾನುವಾರ ಕಾಲು ಮಗುವಿನ ಕೆನ್ನೆಯ ಹಾಗೆ ನುಣ್ಣಗಾಗಿತ್ತು. ಗಿಡಗಳ ವಿಷಯ ಹೇಳಿ ಸಂಬಳ ಪಡೆಯುವ ನನ್ನ ಕಾಲನ್ನು ಅಕ್ಷರ ಬಾರದ ಅಜ್ಜಿ ಯಾವುದೋ ಗಿಡದ ಎಲೆಯಿಂದ ವಾಸಿ ಮಾಡಿತ್ತು, ಆ ಗಿಡ ಯಾವುದೆಂದು ನನಗೆ ಗೊತ್ತಿರಲಿಲ್ಲ. ಗುರುತು ಸಿಗದಷ್ಟು ನುಣ್ಣಗೆ ಅರೆದೇ ಅಜ್ಜಿ ಸೊಪ್ಪನ್ನು ಹೊರಗೆ ತರುತ್ತಿದ್ದದ್ದು. ಕಡಿತ ಹೋದ ಜಾಗದಲ್ಲಿ ಆ ಕುತೂಹಲ ಬಂದು ಕೂತಿತು.

ಅಷ್ಟರಲ್ಲಿ ಅಜ್ಜಿಯ ಮಂಡಿ ಕೈಕೊಟ್ಟಿತು. ಸೊಪ್ಪು ಇರುವುದು ನಾಲೆ ಏರಿಯ ಮೇಲೆ, ಅಲ್ಲಿಯವರೆಗೆ ನಡೆಯಲು ಆಗದು. ಮಗಳಿಗೆ ಇದರಲ್ಲೆಲ್ಲ ಆಸಕ್ತಿ ಇಲ್ಲ. ‘ನಾನು ತಂದುಕೊಡ್ತೀನಿ ಅಜ್ಜಿ’ ಎಂದು ನಾನು ಮುಂದೆ ಬಂದೆ. ಇದರಲ್ಲಿ ಅರ್ಧ ಕೃತಜ್ಞತೆ, ಅರ್ಧ ಕುತೂಹಲ. ಅಜ್ಜಿ ಬಹಳ ಹೊತ್ತು ನನ್ನ ಮುಖ ನೋಡಿ, ‘ನಮ್ಮೂರ ಅಳೀಂದ್ರು, ಓದ್ದೋರು. ನಿಮ್ಗಲ್ದೆ ಇನ್ಯಾರ್ಗೆ ಏಳ್ಲಿ’ ಎಂದಿತು. ಆಮೇಲೆ ನನ್ನ ಬಲಗೈಯನ್ನು ತನ್ನ ಕೈಯ ಮೇಲಿಟ್ಟುಕೊಂಡು, ‘ಯಾರ್ಗೂ ಏಳ್ಕೂಡ್ದು ಅಳೀಂದ್ರೇ. ಕಟ್ಕೊಂಡ ಎಂಡ್ರಿಗೂ ಏಳ್ಕೂಡ್ದು. ಬಾಯ್ಬಿಟ್ರೆ ಸೊಪ್ಪು ಸಪ್ಪೆ ಆಯ್ತದೆ. ಬಾಸೆ ಕೊಡಿ’ ಎಂದಿತು. ಕೊಟ್ಟೆ. ಒಂದಲ್ಲ, ಮೂರು ಸಲ.

ಆ ಸೊಪ್ಪನ್ನು ಕೀಳುವುದಕ್ಕೂ ಕ್ರಮವಿತ್ತು. ಸೂರ್ಯ ಹುಟ್ಟುವ ಮುಂಚೆ, ಹಲ್ಲು ಉಜ್ಜದೆ, ಹೋಗುವಾಗ ಬರುವಾಗ ಯಾರೊಂದಿಗೂ ಮಾತಾಡದೆ ತರಬೇಕು. ಶನಿವಾರ ಸಂಜೆ ಬಸ್ಸು ಹಿಡಿದು ಮಾವನ ಮನೆಗೆ ಹೋಗುವುದು, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾಲೆ ಏರಿ ಹತ್ತುವುದು ನನ್ನ ಪರಿಪಾಠವಾಯಿತು. ಆ ಹೊತ್ತಿನಲ್ಲಿ ನಾಲೆ ಏರಿಯ ಮೇಲೆ ಓಡಾಡುವವರ ಉದ್ದೇಶ ಸಾಮಾನ್ಯವಾಗಿ ಒಂದೇ, ಅವರ ಕೈಯಲ್ಲಿ ಚೊಂಬೂ ಇರುತ್ತದೆ. ನನ್ನ ಕೈಯಲ್ಲಿ ಚೊಂಬಿಲ್ಲ. ‘ಏನ್ ಅಳೀಂದ್ರೇ, ಇಷ್ಟೊತ್ಗೆ ಎಲ್ಗೆ?’ ಎಂದು ಎದುರಾದವರು ಕೇಳಿದರೆ ನಾನು ಕೆಮ್ಮಿ ಮುಂದೆ ಹೋಗುತ್ತಿದ್ದೆ. ಅಳಿಯನಿಗೆ ದೊಡ್ಡಸ್ತಿಕೆ ಎಂದು ಕೆಲವರೂ, ಹೊಟ್ಟೆ ಕೆಟ್ಟಿದೆ ಎಂದು ಕೆಲವರೂ ಮಾವನವರ ಹತ್ತಿರ ಹೇಳಿದರಂತೆ. ಮಾವನವರು ಎರಡನೆಯದನ್ನು ನಂಬಿ ನನಗೆ ವಾರವಾರವೂ ಮಜ್ಜಿಗೆ ಅನ್ನವನ್ನೇ ಹಾಕಿಸಿದರು. ಇದನ್ನೆಲ್ಲ ನಾನು ತುಟಿಪಿಟಿಕ್ಕೆನ್ನದೆ ಸಹಿಸಿದೆ. ಅಷ್ಟರ ಮಟ್ಟಿಗೆ ನಾನು ಒಳ್ಳೆಯವನೇ.

ಆಗ ಹೊಸ ಶತಮಾನ ಬಂತು. ಶತಮಾನ ಬಂದರೆ ಬರಲಿ, ಅದರ ಹಿಂದೆಯೇ ಕಾಲೇಜುಗಳನ್ನು ತೂಕ ಮಾಡಿ ನೋಡುವ ಸಮಿತಿ ಬರುತ್ತದೆಂಬ ಸುದ್ದಿಯೂ ಬಂತು. ನಮ್ಮ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು, ‘ಒಬ್ಬೊಬ್ಬರೂ ಒಂದೊಂದು ಪೇಪರ್ ಪ್ರಿಂಟ್ ಮಾಡಿಸಲೇಬೇಕು. ಯಾವ ವಿಷಯ ಆದ್ರೂ ಪರವಾಗಿಲ್ಲ, ಹೆಸರು ಅಚ್ಚಾಗಿರಬೇಕು’ ಎಂದರು. ಮೈಸೂರಿನ ಒಂದು ಕಾಲೇಜಿನಲ್ಲಿ ವಿಚಾರ ಸಂಕಿರಣವಿತ್ತು. ಕಾನೂನು, ವೈದ್ಯ, ಜೀವಶಾಸ್ತ್ರ, ನಗರ ತಂತ್ರಜ್ಞಾನ, ಎಲ್ಲವನ್ನೂ ಒಂದೇ ಚಪ್ಪರದ ಕೆಳಗೆ ಕೂಡಿಸಿದ್ದರು. ನನ್ನ ಬಳಿ ಏನಿತ್ತು? ಹತ್ತು ವರ್ಷದಿಂದ ಓದಿ ಹೇಳುತ್ತಿದ್ದ ಹಳದಿ ಬಣ್ಣದ ನೋಟ್ಸು ಇತ್ತು. ಮತ್ತೆ, ಆ ಎಲೆ ಇತ್ತು. ಒಂದು ವಾರ ನಾನು ನನ್ನೊಡನೆ ವಾದ ಮಾಡಿದೆ. ಜ್ಞಾನ ಲೋಕಕ್ಕೆ ಸೇರಿದ್ದು ಎಂದೆ. ಅಜ್ಜಿಯ ನಂತರ ಇದು ಮಣ್ಣುಪಾಲಾಗಬಾರದು ಎಂದೆ. ಭಾಷೆ ಕೊಟ್ಟದ್ದು ಬಾಯಿಬಿಟ್ಟು ಹೇಳುವುದಿಲ್ಲ ಎಂದಲ್ಲವೇ, ನಾನು ಬರೆಯುತ್ತಿದ್ದೇನೆ ತಾನೇ ಎಂದೂ ಅಂದುಕೊಂಡೆ. ಇಷ್ಟು ನೀಚವಾದ ವಾದವನ್ನು ನಾನು ಬೇರೆಯವರ ಬಾಯಲ್ಲಿ ಕೇಳಿದ್ದರೆ ಅವರ ಮನೆಯ ಕಾಫಿ ಕುಡಿಯುತ್ತಿರಲಿಲ್ಲ. ಪ್ರಬಂಧ ಐದು ಪುಟ ಆಯಿತು. ಕೊನೆಯಲ್ಲಿ ‘ಮಾಹಿತಿ: ಸ್ಥಳೀಯ ಮಹಿಳೆ’ ಎಂದು ಬರೆದೆ.

ಸಂಕಿರಣದ ದಿನ ಮೊದಲು ಒಬ್ಬ ಎಂಜಿನಿಯರು ನಗರದ ಸಿಗ್ನಲ್ ದೀಪಗಳು ತಾವೇ ಯೋಚಿಸಿ ಬಣ್ಣ ಬದಲಿಸುವ ಕಾಲ ಬರುತ್ತದೆ ಎಂದರು. ಯೋಚಿಸುವುದಿರಲಿ, ಯೋಚಿಸದ ಸಿಗ್ನಲ್ ದೀಪವನ್ನೂ ನಮ್ಮೂರಿನಲ್ಲಿ ನಾನು ಕಂಡಿರಲಿಲ್ಲವಾದ್ದರಿಂದ ಸುಮ್ಮನೆ ತಲೆಯಾಡಿಸಿದೆ. ನಂತರ ಎದ್ದವರು ಕಾನೂನು ಕಾಲೇಜಿನ ಒಬ್ಬ ಹೆಣ್ಣುಮಗಳು. ಹಳ್ಳಿಯವರ ತಿಳುವಳಿಕೆಯ ಮೇಲೆ ಹಳ್ಳಿಯವರಿಗೇ ಹಕ್ಕು, ಅವರ ಒಪ್ಪಿಗೆ ಪಡೆಯದೆ, ಹೆಸರು ಹೇಳದೆ ಅದನ್ನು ಅಚ್ಚು ಹಾಕಿಸುವುದು ಶುದ್ಧ ಕಳ್ಳತನ ಎಂದು ಆಕೆ ಖಂಡತುಂಡವಾಗಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸುತ್ತಲಿನವರೆಲ್ಲ ತಟ್ಟುತ್ತಿರುವಾಗ ಕೈ ಕಟ್ಟಿ ಕೂರುವುದು ಹೇಗೆ? ಮುಂದಿನ ಪ್ರಬಂಧ ನನ್ನದೇ. ಅಧ್ಯಕ್ಷರಾಗಿದ್ದ ಡಾಕ್ಟರು ಗಡಿಯಾರ ತೋರಿಸಿದರು, ಒಗ್ಗರಣೆಯ ವಾಸನೆ ಸಭಾಂಗಣದವರೆಗೂ ಬಂದಿತ್ತು. ನಾನು ಓದುತ್ತಿದ್ದಂತೆ ಜನ ಒಬ್ಬೊಬ್ಬರಾಗಿ ಎದ್ದು ಊಟಕ್ಕೆ ನಡೆದರು. ಊಟದ ಸಾಲಿನಲ್ಲಿ ಆ ಕಾನೂನಿನ ಮೇಡಂ ನನ್ನ ಹಿಂದೆಯೇ ನಿಂತಿದ್ದರು. ‘ಸಾರ್, ಆ ಸ್ಥಳೀಯ ಮಹಿಳೆ ಹೆಸರೇನು? ಒಪ್ಪಿಗೆ ತಗೊಂಡಿದ್ದೀರಿ ತಾನೇ?’ ಎಂದರು. ‘ಓಹೋ, ಖಂಡಿತ’ ಎಂದು ಹೇಳಿ ಪಲ್ಯ ಹಾಕಿಸಿಕೊಳ್ಳದೆಯೇ ಮುಂದೆ ಹೋದೆ.

ಅಚ್ಚಾದ ಸಂಪುಟ ಅಂಚೆಯಲ್ಲಿ ಬಂದ ವಾರವೇ ಕಾಲು ಮತ್ತೆ ಕಡಿಯತೊಡಗಿತು. ಮಳೆಗಾಲ, ಒದ್ದೆ ಸಾಕ್ಸು ಎಂದು ವೈಜ್ಞಾನಿಕ ಕಾರಣಗಳನ್ನು ಕೊಟ್ಟುಕೊಂಡೆ. ಕಾಲು ಒಪ್ಪಲಿಲ್ಲ. ಅಜ್ಜಿಯ ಬಳಿ ಹೋದೆ. ಮುಂಚೆ ಹೊಸಲು ದಾಟುವಾಗಲೇ ‘ಬನ್ನಿ ಅಳೀಂದ್ರೇ’ ಎನ್ನುತ್ತಿದ್ದ ಅಜ್ಜಿ, ಈ ಸಲ ಮೊದಲು ನನ್ನ ಕಾಲು ನೋಡಿತು. ‘ಯಾರ್ಗಾದ್ರೂ ಏಳುದ್ರಾ?’ ಎಂದಿತು. ‘ಛೆ ಛೆ, ಇಲ್ಲ ಅಜ್ಜಿ’ ಎಂದೆ. ಅದು ನನ್ನನ್ನು ಸಂಶಯದಿಂದ ನೋಡಿದ್ದರೆ ಚೆನ್ನಾಗಿರುತ್ತಿತ್ತು. ನೋಡಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. ‘ಅಂಗಾರೆ ನನ್ ಕೈಗುಣಾನೇ ಓಯ್ತು ಅಂತ ಕಾಣ್ತದೆ. ವಯ್ಸಾಯ್ತಲ್ಲ’ ಎಂದು ಮೆಲ್ಲಗೆ ಹೇಳಿ, ಆದರೂ ಸೊಪ್ಪು ಹಚ್ಚಿ ಕಟ್ಟಿತು. ಆಗಲೇ ಹೇಳಿಬಿಡಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ತವರಿಗೆ ಹೋಗಿ ಬಂದ ಸುಮಿತ್ರೆ ಸುದ್ದಿ ತಂದಳು. ಅಜ್ಜಿ ಸೊಪ್ಪು ಹಚ್ಚುವುದನ್ನೇ ಬಿಟ್ಟಿದೆ. ಮೂಗೂರಿನಿಂದ ಕೈ ತುಂಬ ಇಸುಬು ಮಾಡಿಕೊಂಡು ಬಂದ ಹೆಂಗಸೊಬ್ಬಳನ್ನು ‘ನನ್ ಕೈ ಕೆಟ್ಟೋಗದೆ ಕಣವ್ವ, ಬ್ಯಾರೆ ಕಡೆ ನೋಡ್ಕೊ’ ಎಂದು ವಾಪಸು ಕಳಿಸಿದೆ. ಭಾನುವಾರಗಳಂದು ಅಂಗಳಕ್ಕೂ ಬರದೆ ಒಳಗೇ ಮಲಗಿರುತ್ತದೆ. ಸುಮಿತ್ರೆ ಹೇಳುತ್ತಾ ಕಣ್ಣೊರೆಸಿಕೊಂಡಳು. ನಾನು ಪೇಪರ್ ಓದುವವನ ಹಾಗೆ ಮುಖ ಮುಚ್ಚಿಕೊಂಡೆ. ಮಾರನೆಯ ದಿನ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಆ ಸಂಪುಟ ಊಟದ ತಟ್ಟೆಯ ಪಕ್ಕದಲ್ಲಿತ್ತು, ಸರಿಯಾದ ಪುಟಕ್ಕೇ ತೆರೆದಿತ್ತು. ಕಪಾಟಿನಲ್ಲಿ ಸೀರೆ ಹುಡುಕುವಾಗ ಸಿಕ್ಕಿತಂತೆ. ನನ್ನ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಏಕೈಕ ವ್ಯಕ್ತಿ ನನ್ನ ಹೆಂಡತಿ. ‘ಸ್ಥಳೀಯ ಮಹಿಳೆ ಅಂದ್ರೆ ಯಾರ್ರೀ?’ ಎಂದಳು. ನಾನು ಪುಸ್ತಕ ಮುಚ್ಚಿದೆ. ‘ನಮ್ಮೂರಲ್ಲಿ ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ? ನಾಳೆ ಭಾನುವಾರ. ಹೋಗಿ ಹೇಳಿ ಬನ್ನಿ. ಹೇಳದೆ ಈ ಮನೆಗೆ ಬರಬೇಡಿ’ ಎಂದಳು. ಸಾರು ಬಡಿಸಿದಳು. ಆ ಸಾರಿಗೆ ಉಪ್ಪಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ನಂಜನಗೂಡಿನಿಂದ ನರಸೀಪುರದವರೆಗೆ ಬಸ್ಸಿನಲ್ಲಿ ನಾನು ಕ್ಷಮಾಪಣೆಯ ಮಾತುಗಳನ್ನು ಜೋಡಿಸುತ್ತಾ ಹೋದೆ. ಅಜ್ಜಿಯ ಎದುರು ಕೂತ ಮೇಲೆ ಒಂದೂ ನೆನಪಿಗೆ ಬರಲಿಲ್ಲ. ಸಂಪುಟವನ್ನು ಮುಂದಿಟ್ಟು, ‘ಅಜ್ಜಿ, ಸುಳ್ಳು ಹೇಳಿದೆ. ಎಲ್ಲಾ ಇದರಲ್ಲಿ ಬರೆದುಬಿಟ್ಟಿದ್ದೀನಿ’ ಎಂದೆ. ಅಜ್ಜಿ ಪುಸ್ತಕವನ್ನು ಮುಟ್ಟಲಿಲ್ಲ.

‘ಇದ್ರಲ್ಲಿ ನನ್ ಎಸ್ರು ಅದಾ?’ ಎಂದಿತು.

‘ಇಲ್ಲ ಅಜ್ಜಿ’ ಎಂದೆ. ನನಗೆ ಭೂಮಿಗಿಳಿದು ಹೋಗುವಂತಾಯಿತು.

‘ನಿನ್ ಎಸ್ರು?’

ಅಲ್ಲಿಯವರೆಗೆ ನಾನು ‘ನೀವು’ ಆಗಿದ್ದೆ. ‘ಇದೆ. ದಪ್ಪ ಅಕ್ಷರದಲ್ಲಿದೆ’ ಎಂದೆ.

‘ಸದ್ಯ! ಅಂಗಾರೆ ಪಾಪಾನೂ ಪೂರ್ತಿ ನಿಂದೇ ಕಣಪ್ಪ’ ಎಂದು ಅಜ್ಜಿ ನೆಟ್ಟಗೆ ಕೂತಿತು. ಅದರ ಮುಖ ನೋಡುನೋಡುತ್ತಿದ್ದಂತೆ ಅರಳಿತು. ಗೋಡೆಯಾಚೆಯ ಮನೆಗೆ ಕೇಳುವಂತೆ, ‘ಲೇ ರತ್ನಿ, ನನ್ ಕೈ ಕೆಟ್ಟಿಲ್ಲ ಕಣೇ! ಮಾತು ತಪ್ಪಿರೋನು ನಮ್ಮ ಅಳಿಮಯ್ಯ! ಮೂಗೂರೋಳ್ಗೆ ಏಳ್ಕಳ್ಸು, ಬರೋ ವಾರ ಬರ್ಲಿ’ ಎಂದು ಕೂಗಿತು. ನನ್ನ ಸಂಶೋಧನೆಯಿಂದ ಇಷ್ಟು ಸಂತೋಷಪಟ್ಟವರನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಆ ಸಂತೋಷವನ್ನು ಎದುರಿಗೆ ಕೂತು ನೋಡುವುದು ಬಹಳ ಕಷ್ಟವಾಯಿತು.

‘ಸೊಪ್ಪು ಸಪ್ಪೆ ಆಗಲ್ವಾ ಅಜ್ಜಿ?’ ಎಂದು ಕೇಳಿದೆ.

‘ಅದ್ನ ಓದ್ದೋರು ಎಷ್ಟ್ ಜನ?’

‘ನನ್ನ ಹೆಂಡತಿ ಒಬ್ಬಳೇ.’

‘ಅವ್ಳು ನಮ್ಮೂರ್ ಮಗ್ಳು, ತೊಂದ್ರೆ ಇಲ್ಲ. ಇನ್ಮ್ಯಾಲೆ ಸೊಪ್ ತರೋಕೆ ಅವ್ಳನ್ನೇ ಕಳ್ಸು’ ಎಂದಿತು ಅಜ್ಜಿ. ನಾನು ಪಂಚೆಯ ಅಂಚನ್ನು ಸ್ವಲ್ಪ ಮೇಲೆತ್ತಿ ಎಡಗಾಲನ್ನು ಮುಂದೆ ಚಾಚಿದೆ. ಇಷ್ಟೆಲ್ಲ ಆದಮೇಲೂ ಚಾಚಿದೆ. ಅಜ್ಜಿ ಅದನ್ನು ನೋಡಿ, ಕನಿಕರದಿಂದಲೇ, ‘ನಿಂಗೆ ಇನ್ನು ಈ ಸೊಪ್ಪು ಇಡಿಯಾಕಿಲ್ಲ ಕಣಪ್ಪ’ ಎಂದು ಒಳಗೆ ಹೋಗಿ ಕಾಫಿ ತಂದುಕೊಟ್ಟಿತು.

ಆ ಪ್ರಬಂಧವನ್ನು ಸಮಿತಿಯವರು ಪುಟ ತಿರುಗಿಸದೆಯೇ ಮೆಚ್ಚಿದರು, ಅದರ ಬಲದಿಂದ ನನಗೆ ಬಡ್ತಿಯೂ ಸಿಕ್ಕಿತು. ಪುಟ್ಟಮಾದಮ್ಮ ಇನ್ನೂ ಆರು ವರ್ಷ ಸೊಪ್ಪು ಹಚ್ಚಿತು. ಈಗ ಹಚ್ಚುವುದು ಸುಮಿತ್ರೆ. ಭಾನುವಾರ ನಮ್ಮ ಮನೆಯ ಜಗುಲಿಯ ಮೇಲೆ ನಂಜನಗೂಡಿನ ಅರ್ಧ ಇಸುಬು ಬಂದು ಕೂರುತ್ತದೆ, ವಾಸಿಯಾಗಿ ಹೋಗುತ್ತದೆ. ನಾನು ಒಳಗಿನ ಕೋಣೆಯಲ್ಲಿ ಕೂತು ಡಾಕ್ಟರು ಬರೆದುಕೊಟ್ಟ ಮುಲಾಮು ತಿಕ್ಕಿಕೊಳ್ಳುತ್ತೇನೆ. ಒಮ್ಮೆ ನಾಚಿಕೆ ಬಿಟ್ಟು ಕೇಳಿಯೂ ಕೇಳಿದೆ. ‘ಅಜ್ಜಿ ಬೇಡ ಅಂದಿದೆ’ ಎಂದು ಸುಮಿತ್ರೆ ಅರೆಯುವ ಕಲ್ಲಿನಿಂದ ತಲೆ ಎತ್ತದೆ ಹೇಳಿದಳು.

ಇಷ್ಟು ಓದಿದ ನೀವು ಒಂದು ವಿಷಯ ಗಮನಿಸಿರಬಹುದು. ಆ ಎಲೆಯ ಹೆಸರು ಇಲ್ಲೆಲ್ಲೂ ಬಂದಿಲ್ಲ. ಮೇಷ್ಟ್ರು ಪಾಠ ಕಲಿತಿದ್ದಾರೆ, ಈ ಸಲ ಮಾತು ಉಳಿಸಿಕೊಂಡಿದ್ದಾರೆ ಎಂದು ನೀವು ಭಾವಿಸಿದರೆ ನನಗೆ ಬಹಳ ಸಂತೋಷ. ಹಾಗೆಯೇ ಭಾವಿಸಲಿ ಎಂದು ಬಿಟ್ಟುಬಿಡೋಣ ಎಂದೂ ಅನ್ನಿಸಿತ್ತು. ಆದರೆ ಮತ್ತೊಂದು ಸುಳ್ಳನ್ನು ಈ ಕಾಲು ತಡೆಯಲಾರದು. ನೀವು ಓದುತ್ತಿರುವ ಈ ಬರಹದ ಎರಡನೆಯ ಪುಟದಲ್ಲೂ ನಾನು ಹೆಸರು ಬರೆದಿದ್ದೆ, ಕನ್ನಡದ ಹೆಸರನ್ನೂ ಶಾಸ್ತ್ರೀಯ ಹೆಸರನ್ನೂ. ಇದನ್ನು ಅಚ್ಚಿಗೆ ಕಳಿಸುವ ಮುಂಚೆ ಸುಮಿತ್ರೆ ಓದಿ, ಆ ಸಾಲನ್ನು ಹೊಡೆದುಹಾಕಿದಳು.