ಮುರಿಯದ ಪಿನ್ನಿನ ಪ್ರತಾಪ

ರಬಾಳೆಯ ಕಾರ್ಖಾನೆಯ ಸ್ಟೋರಿನಲ್ಲಿ ಹನ್ನೆರಡು ವರ್ಷ ನಟ್ಟು ಬೋಲ್ಟು ಎಣಿಸಿದ ಮೇಲೆ, ನನ್ನೊಳಗೊಬ್ಬ ಇಂಜಿನಿಯರ್ ಸುಮ್ಮನೆ ಕೊಳೆಯುತ್ತಿದ್ದಾನೆಂದು ನನಗೆ ಖಾತ್ರಿಯಾಯಿತು. ನೆರೂಳಿನಲ್ಲಿ ಶನಿವಾರದ ಮಶಿನ್ ಡಿಸೈನ್ ತರಗತಿಗೆ ಸೇರಿದೆ. ಐದೇ ಪಾಠ! ಯಂತ್ರದ ಭಾಗಗಳು ಏಕೆ ಮುರಿಯುತ್ತವೆ, ಹೇಗೆ ತಡೆಯಬೇಕು, ಎಲ್ಲವೂ ಕರತಲಾಮಲಕ. ಮನೆಯ ಕುಕ್ಕರಿನ ಹಿಡಿಯನ್ನೂ ಮರುಕದಿಂದ ನೋಡತೊಡಗಿದೆ.

ಠಾಣೆಯಲ್ಲಿ ಹೋಟೆಲ್ ನಡೆಸುವ ನನ್ನ ಹೆಂಡತಿಯ ಅಣ್ಣ ಸುಧಾಕರ ಭಾವ ಆಗಲೇ ಗೋಳು ಹೇಳಿಕೊಂಡರು. ಅವರ ದೊಡ್ಡ ಗ್ರೈಂಡರಿನಲ್ಲಿ ಗೇರನ್ನು ಶಾಫ್ಟಿಗೆ ಹಿಡಿದಿಡುವ ಹಿತ್ತಾಳೆ ಪಿನ್ನು ಎರಡು ಮೂರು ತಿಂಗಳಿಗೊಮ್ಮೆ ಮುರಿಯುತ್ತಿತ್ತು. ಭಾನುವಾರ ಅಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾನೂರು ಜನರ ಇಡ್ಲಿ ಆರ್ಡರ್. ಅಂಥದ್ದು ಅವರಿಗೆ ಸಿಕ್ಕಿದ್ದು ಇದೇ ಮೊದಲು.

"ನಮ್ಮ ಮರ್ಯಾದೆ ಪ್ರಶ್ನೆ ಮಾರಾಯ್ರೆ," ಎಂದರು.

"ಇನ್ನು ಅದು ಈ ಜನ್ಮದಲ್ಲಿ ಮುರಿಯುದಿಲ್ಲ ಭಾವ," ಎಂದೆ.

ನಮ್ಮ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುವ ಕಲಬುರಗಿಯ ಶರಣಪ್ಪನಿಗೆ ಗಟ್ಟಿ ಉಕ್ಕಿನ ಪಿನ್ನು ಮಾಡಲು ಹೇಳಿದೆ. ಅವನು ತಲೆ ಕೆರೆದುಕೊಂಡ.

"ಸಾಹೇಬ್ರ, ಇದು ಮೆತ್ತಗೇ ಇರ್ಬೇಕ್ರಿ. ಸುಮ್ನ ಹಿತ್ತಾಳಿ ಹಾಕಿರಂಗಿಲ್ಲ."

"ನೀನು ಕ್ಲಾಸಿಗೆ ಹೋಗಿದ್ದೀಯಾ?"

"ಇಲ್ರಿ. ಇಪ್ಪತ್ತು ವರ್ಷ ಲೇತ್ ಮುಂದ ನಿಂತೀನ್ರಿ."

ಪಾಪ, ಅನುಭವಕ್ಕೆ ಸರ್ಟಿಫಿಕೇಟ್ ಇಲ್ಲವಲ್ಲ! ಪಿನ್ನು ಮಾಡಿಸಿಯೇ ಬಿಟ್ಟೆ.

ಶನಿವಾರ ಆರನೆಯ ತರಗತಿಗೆ ಚಕ್ಕರ್ ಹೊಡೆದು, ಠಾಣೆಗೆ ಹೋಗಿ, ಪಿನ್ನನ್ನು ಸ್ವಹಸ್ತದಿಂದ ಪ್ರತಿಷ್ಠಾಪಿಸಿದೆ. ಗ್ರೈಂಡರ್ ಗುರ್ರೆಂದಿತು. ಭಾವ ಸ್ಪೆಷಲ್ ಕಾಫಿ ತರಿಸಿದರು. ಅರ್ಧ ಲೋಟ ಕುಡಿಯುವಷ್ಟರಲ್ಲಿ ಅಡುಗೆಯವರ ಕೈಯಿಂದ ಸ್ಟೀಲ್ ಸೌಟು ಜಾರಿ ಕಲ್ಲಿನಡಿ ಸಿಕ್ಕಿಕೊಂಡಿತು. ಕಟಕಟಕಟ, ಢಣ್!

ಗೇರಿನ ಹಲ್ಲುಗಳು ಉದುರಿದ್ದವು. ಶಾಫ್ಟ್ ಸೊಟ್ಟಗಾಗಿತ್ತು. ಪಿನ್ನಿಗೆ ಮಾತ್ರ ಕೂದಲೂ ಕೊಂಕಿರಲಿಲ್ಲ!

ಶರಣಪ್ಪನಿಗೆ ಫೋನ್ ಮಾಡಿದೆ.

"ಫ್ಯೂಸ್ ಇದ್ದಂಗ್ರಿ ಅದು. ಏನರ ಸಿಕ್ಕೊಂಡ್ರ ತಾನು ಮುರದು ಮಶಿನ್ ಉಳಸ್ತದ. ನಾ ಹೇಳಿದ್ನಲ್ರಿ?"

ಅಂದಿನ ಪಾಠ ಯಾವುದಿತ್ತೆಂದು ಸಹಪಾಠಿಯನ್ನು ವಿಚಾರಿಸಿದೆ. "ಬೇಕೆಂದೇ ಮುರಿಯುವಂತೆ ಮಾಡುವ ಭಾಗಗಳು," ಎಂದ. ನಾಚುತ್ತಲೇ ಮನೆಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

ಹೆಂಡತಿ ಬೈಯಲೂ ಇಲ್ಲ. "ನೆನೆಹಾಕಿದ ಅಕ್ಕಿ, ಉದ್ದು ಉಂಟಲ್ಲ, ಮನೆಗೆ ತನ್ನಿ," ಎಂದಳು. ಅಷ್ಟನ್ನೂ ಟೆಂಪೋದಲ್ಲಿ ನೆರೂಳಿಗೆ ತಂದು, ನಮ್ಮ ಹೌಸಿಂಗ್ ಸೊಸೈಟಿಯ ಹದಿನೇಳು ಮನೆಗಳ ಮಿಕ್ಸಿಯಲ್ಲಿ ರುಬ್ಬಿಸಿದೆವು. ಬಕೆಟ್ ಹೊತ್ತು ಮಹಡಿ ಹತ್ತಿಳಿದವರು ಇಂಜಿನಿಯರ್ ಸಾಹೇಬರು. "ಅಹೋ, ಮಿಕ್ಸರ್ ಜಳಲಾ ತರ?" ಎಂದು ಮೂರನೇ ಮಹಡಿಯ ಮರಾಠಿ ಅಜ್ಜಿ ತಮ್ಮ ಮಿಕ್ಸಿ ಸುಟ್ಟೀತೆಂದು ಹೆದರಿದರು. ಸುಡುವುದಿಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ.

ಮಿಕ್ಸಿಯಲ್ಲಿ ಬಿಸಿಯಾದ ಹಿಟ್ಟು ಉಬ್ಬಲೇ ಇಲ್ಲ. ಭಾನುವಾರ ಬಡಿಸಲು ಭಾವ ನನ್ನನ್ನೇ ನಿಲ್ಲಿಸಿದರು. ಸಂಘದ ಅಧ್ಯಕ್ಷರು ಇಡ್ಲಿಯನ್ನು ಬೆರಳಿನಿಂದ ಒತ್ತಿದರು, ಚಮಚದಿಂದ ಕುಟ್ಟಿದರು, ಕೊನೆಗೆ ಎರಡೂ ಕೈ ಹಾಕಿದರು.

"ಎಂತ ಮಾರಾಯ್ರೆ, ಇದು ಮುರಿಯುದೇ ಇಲ್ಲಲ್ಲ!"

"ನಮ್ಮ ತಂಗಿಯ ಗಂಡನ ಡಿಸೈನ್ ಅದು," ಎಂದರು ಭಾವ.

ನಾನು ಅಧ್ಯಕ್ಷರ ತಟ್ಟೆಗೆ ಇನ್ನೆರಡು ಸೌಟು ಸಾಂಬಾರು ಸುರಿದು, ನೆನೆಯಲು ಹತ್ತು ನಿಮಿಷ ಕೊಡಬೇಕಾಗಿ ವಿನಂತಿಸಿಕೊಂಡೆ.