ಬಸವನದೊಡ್ಡಿಯಲ್ಲಿ ಇರುವುದು

ಚೆನ್ನಕೇಶವನ ಜೇಬಿನಲ್ಲಿ ಪೆನ್ನು ಇದ್ದದ್ದೇ ತಪ್ಪಾಯಿತು.

ಬಸವನದೊಡ್ಡಿಯಲ್ಲಿ ಬೇರೆ ಯಾರ ಜೇಬಿನಲ್ಲೂ ಪೆನ್ನಿರಲಿಲ್ಲ. ಹೆಚ್ಚಿನವರಿಗೆ ಜೇಬೇ ಇರಲಿಲ್ಲ. ಹೊಸೂರಿನಾಚೆ, ತಮಿಳುನಾಡಿನ ಸೂಳಗಿರಿಯಿಂದ ಎಂಟು ಮೈಲಿ ಒಳಗಿದ್ದ ಆ ಊರಿಗೆ ೧೯೮೧ರ ಒಂದು ಬುಧವಾರ ಬೆಳಿಗ್ಗೆ ಜೀಪೊಂದು ಬಂತು. ಅದರ ಹಿಂದೆ ಒಂದು ಹೊಸ ಸೈಕಲ್ಲನ್ನು ಹಗ್ಗದಿಂದ ಬಿಗಿದಿದ್ದರು. ಜೀಪಿನಿಂದಿಳಿದ ವೆಂಕಟರಾಮಪ್ಪನವರು ಹುಣಸೆಮರದ ಕಟ್ಟೆಯ ಮೇಲಿದ್ದವರ ಎದೆಗಳನ್ನು ಒಂದೊಂದಾಗಿ ನೋಡುತ್ತ ಬಂದು, ಪೆನ್ನಿದ್ದ ಎದೆಯ ಮುಂದೆ ನಿಂತರು.

"ಓದಿದ್ದೀರಾ?"

"ಬಿ.ಎ., ಸಾರ್. ಬೆಂಗಳೂರಲ್ಲಿ."

"ಏನು ಕೆಲಸ ಮಾಡ್ತಿದ್ದೀರಿ?"

ಈ ಪ್ರಶ್ನೆಗೆ ಚೆನ್ನಕೇಶವ ಮೂರು ವರ್ಷದಿಂದ ಸುಮ್ಮನಿರುವುದನ್ನೇ ಉತ್ತರವಾಗಿ ಕೊಡುತ್ತಿದ್ದ. ಈಗಲೂ ಅದನ್ನೇ ಕೊಟ್ಟ.

ವೆಂಕಟರಾಮಪ್ಪನವರು ಕೃಷ್ಣಗಿರಿಯಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಒಂದು ಸೇವಾಸಂಸ್ಥೆಯವರು. ಹಳ್ಳಿಯ ಬಲವನ್ನೂ ಬೇಡಿಕೆಯನ್ನೂ ಹಳ್ಳಿಯವರೇ ಅಳೆದುಕೊಳ್ಳಬೇಕೆಂಬುದು ಆ ಸಂಸ್ಥೆಯ ತತ್ವ. ಹೊರಗಿನವರು ಅಳೆದರೆ ತಪ್ಪಾಗುತ್ತದೆ, ಬಿಸಿಲೂ ಆಗುತ್ತದೆ. ಆದ್ದರಿಂದ ಅವರು ಒಂದು ಫಾರಂ ತಂದಿದ್ದರು. ಅದರ ನಡುವೆ ಉದ್ದಕ್ಕೆ ಒಂದು ಗೆರೆ. ಎಡಕ್ಕೆ 'ನಮ್ಮಲ್ಲಿ ಇರುವುದು', ಬಲಕ್ಕೆ 'ನಮಗೆ ಬೇಕಾದದ್ದು'.

"ಈ ಕಡೆ ಎರಡೇ ಊರು ನೋಡ್ತಿದ್ದೀವಿ. ನಿಮ್ಮದು, ಪಕ್ಕದ ಕೊತ್ತಪಲ್ಲಿ. ಯಾವುದರಲ್ಲಿ ಕೊರತೆ ಜಾಸ್ತೀನೋ ಅದನ್ನ ಆರಿಸ್ತೀವಿ. ಆ ಊರಿಂದಲೇ ಒಬ್ಬರನ್ನ ಗ್ರಾಮ ಸಂಘಟಕ ಅಂತ ತಗೋತೀವಿ. ತಿಂಗಳ ಸಂಬಳ, ಈ ಸೈಕಲ್ಲು. ಊರವರನ್ನ ಕೇಳಿ ತುಂಬಿಸಿಡಿ. ಸಾಯಂಕಾಲ ಐದಕ್ಕೆ ಬರ್ತೀನಿ."

ಜೀಪು ಎಬ್ಬಿಸಿದ ಧೂಳು ಇಳಿಯುವ ಮೊದಲೇ ಚೆನ್ನಕೇಶವ ಮನಸ್ಸಿನಲ್ಲಿ ಆ ಸೈಕಲ್ ಹತ್ತಿ ಸೂಳಗಿರಿ ತಲುಪಿದ್ದ. ಅವನ ತಾಯಿ ನಾರಾಯಣಮ್ಮ ಮಾವಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ರಾತ್ರಿ ಮಗನ ತಟ್ಟೆಗೆ ಮುದ್ದೆ ಹಾಕುವಾಗ ಅವಳು ಏನೂ ಅನ್ನುತ್ತಿರಲಿಲ್ಲ. ಆ ಏನೂ ಅನ್ನದಿರುವುದು ಮೂರು ವರ್ಷದಿಂದ ಅವನ ಗಂಟಲಲ್ಲಿ ನಿಂತಿತ್ತು. ಇಂದು ಅದು ಇಳಿಯಬಹುದೆಂದು ಅವನಿಗನ್ನಿಸಿತು. ಎರಡೂರಿಗೆ ಸೇರಿ ಓದಿದವನು ತಾನೊಬ್ಬನೇ. ಕೆಲಸ ಇನ್ನಾರಿಗೆ ಹೋದೀತು? ಬಸವನದೊಡ್ಡಿ ಸಾಕಷ್ಟು ದರಿದ್ರವಾಗಿ ಕಂಡರೆ ಸಾಕು.

ಮೊದಲು ಬಲಗಡೆಯದನ್ನು ಕೇಳಿದ. "ಊರಿಗೆ ಏನೇನು ಬೇಕು ಹೇಳಿ."

"ಊರಿಗೆ ಏನ್ ಬೇಕೋ ನಂಗೊತ್ತಿಲ್ಲ ಕಣ್ಲಾ," ಎಂದ ನಾಲ್ಕು ಎತ್ತುಗಳ ಯಜಮಾನ ಅಶ್ವತ್ಥಪ್ಪ. "ನಂಗೆ ಬೇಕಾದ್ದು ಹೇಳ್ತೀನಿ, ಬರ್ಕೋ. ಶ್ಯಾಮಣ್ಣನ ಬೇಲಿ ಎರಡು ಮಾರು ಆ ಕಡೆ ಹೋಗ್ಬೇಕು."

"ಬರ್ಕೊಂಡೇನಾದ್ರೂ ಬುಟ್ಟೀಯ!" ಎಂದು ಶ್ಯಾಮಣ್ಣ ಎದ್ದು ನಿಂತ. "ಬಸ್ಸು ನಮ್ಮನೆ ಮುಂದೆ ನಿಲ್ಬೇಕು, ಇವ್ನ ಮನೆ ಮುಂದೆ ನಿಲ್ಬಾರ್ದು ಅಂತ ಬರಿ."

"ಮಾವ, ನಮ್ಮೂರಿಗೆ ಬಸ್ಸೇ ಬರಲ್ಲ."

"ಬಂದ್ಮೇಲೆ ಬರ್ಸಕ್ಕಾಯ್ತದಾ? ಈಗ್ಲೇ ಬರಿ."

ಬೀದಿ ಕೊನೆಯ ಭದ್ರಮ್ಮ ತನ್ನ ಸೊಸೆಗೆ ಬುದ್ಧಿ ಬೇಕೆಂದು ಬರೆಸಿದಳು. ಸೊಸೆ ಹಿಂಬಾಗಿಲಿಂದ ಬಂದು, ಬೇರೆ ಮನೆ ಬೇಕೆಂದು ಬರೆಸಿದಳು. ಅರ್ಧ ಗಂಟೆಯಲ್ಲಿ ಬಲಗಡೆ ತುಂಬಿ, ಅಂಚಿಗೆ ಹರಿದು, ಹಿಂಬದಿಗೂ ತಿರುಗಿತು. ಶಾಲೆ, ಔಷಧಿ, ದಾರಿ, ದೀಪ ಯಾರ ಬಾಯಿಂದಲೂ ಬರಲಿಲ್ಲ. ಅವನ್ನು ಚೆನ್ನಕೇಶವನೇ ಸಣ್ಣ ಅಕ್ಷರದಲ್ಲಿ ಸಂದಿಯಲ್ಲಿ ತೂರಿಸಿದ.

ಆಮೇಲೆ ಎಡಗಡೆಗೆ ಬಂದ. "ಈಗ ನಮ್ಮೂರಲ್ಲಿ ಏನೇನಿದೆ ಹೇಳಿ."

ಕಟ್ಟೆಯ ಮೇಲೆ ಮಾತು ನಿಂತುಹೋಯಿತು. ಚೆನ್ನಕೇಶವನಿಗೆ ಊರಿನ ಮೌನಗಳೆಲ್ಲ ಪರಿಚಯ: ಸತ್ತವರ ಮನೆಯ ಮೌನ, ಹೆಣ್ಣು ನೋಡಿ ಹೋದವರು ತಿರುಗಿ ಬಾರದಾಗಿನ ಮೌನ. ಇದು ಅವಕ್ಕಿಂತ ಗಟ್ಟಿಯದು. ಕೆಲವು ವರ್ಷದ ಹಿಂದೆ ಯಾರೋ ಬಂದು, ರಾಗಿ ಎಷ್ಟಿದೆಯೆಂದು ಬಹಳ ಪ್ರೀತಿಯಿಂದ ವಿಚಾರಿಸಿ ಬರೆದುಕೊಂಡು ಹೋಗಿದ್ದರು. ಮುಂದಿನ ವಾರ ಸರ್ಕಾರದ ಲೆವಿಗೆಂದು ಲಾರಿ ಬಂದು ಆ ರಾಗಿಯನ್ನು ತುಂಬಿಕೊಂಡು ಹೋಗಿತ್ತು. ಅಂದಿನಿಂದ ಬಸವನದೊಡ್ಡಿಯಲ್ಲಿ ಏನೂ ಇಲ್ಲ.

"ಅಶ್ವತ್ಥಪ್ಪ ಮಾವ, ನಿಮ್ಮ ಎತ್ತು..."

"ಯಾವ ಎತ್ತು?" ಎಂದ ಅಶ್ವತ್ಥಪ್ಪ. ಅವನ ಕೈಯಲ್ಲಿದ್ದ ಹಗ್ಗದ ಇನ್ನೊಂದು ತುದಿಯಲ್ಲಿ ಎತ್ತು ನಿಟ್ಟುಸಿರು ಬಿಟ್ಟಿತು.

ಶ್ಯಾಮಣ್ಣ ಕವೆಗೋಲು ಹಿಡಿದು ನಡೆದು ಸುತ್ತಲಿನ ಹನ್ನೊಂದು ಬಾವಿಗೆ ನೀರು ತೋರಿಸಿದವನು. "ಅದು ಕಡ್ಡಿ ತೋರ್ಸದು, ನಾನಲ್ಲ. ಕಡ್ಡಿ ಹೆಸ್ರು ಬರ್ಕೋ ಬೇಕಾದ್ರೆ," ಎಂದ.

ಚೆನ್ನಕೇಶವ ಸೂಲಗಿತ್ತಿ ಕೊಂಡಮ್ಮನ ಗುಡಿಸಲಿಗೆ ಹೋದ. ಊರಿನಲ್ಲಿ ನಲವತ್ತು ದಾಟದವರೆಲ್ಲ ಅವಳ ಕೈಯಲ್ಲೇ ಭೂಮಿಗೆ ಬಂದವರು.

"ನಂಗೇನ್ ಬತ್ತದೆ ಮಗ. ಕಣ್ಣೂ ಕಾಣಕ್ಕಿಲ್ಲ. ಹೊಸೂರು ಆಸ್ಪತ್ರೇಗೆ ಎಳ್ಕೊಂಡ್ಹೋಗ್ಬುಟ್ಟಾರು."

"ಹಾಗಾದ್ರೆ ನನ್ನ ಹೆರಿಗೆ ಮಾಡಿಸಿದ್ದು ಯಾರಜ್ಜಿ?"

ಕೊಂಡಮ್ಮ ಸ್ವಲ್ಪ ಯೋಚಿಸಿದಳು. "ನೀನೇ ಬಂದೆ."

ಅವನು ಹೊರಗೆ ಬರುವಷ್ಟರಲ್ಲಿ ಊರು ಖಾಲಿಯಾಗಿತ್ತು. ಹಸು, ಎತ್ತು, ಎಮ್ಮೆ, ಕುರಿ ಎಲ್ಲವೂ ಗುಡ್ಡ ದಾಟಿ ಕೊತ್ತಪಲ್ಲಿಯ ಕೆರೆಯಂಗಳಕ್ಕೆ ಹೊರಟುಹೋಗಿದ್ದವು. ನೆಲದಡಿಯಲ್ಲಿ ರಾಗಿ ತುಂಬಿದ ಹಗೇವುಗಳ ಬಾಯಿಗೆ ಮಣ್ಣು ಬಿದ್ದು, ಮಣ್ಣಿನ ಮೇಲೆ ಸಗಣಿ ಸಾರಿಸಿ, ಸಗಣಿಯ ಮೇಲೆ ರಂಗೋಲಿಯೂ ಬಿದ್ದಿತ್ತು. ಯಾರೂ ಸಭೆ ಕರೆದಿರಲಿಲ್ಲ, ಯಾರೂ ಮುಂದಾಳಾಗಿರಲಿಲ್ಲ. ಬೇಲಿಗಾಗಿ ಹತ್ತು ವರ್ಷದಿಂದ ಮಾತುಬಿಟ್ಟಿದ್ದ ಅಶ್ವತ್ಥಪ್ಪ ಮತ್ತು ಶ್ಯಾಮಣ್ಣ ಒಂದೇ ದೊಣ್ಣೆಯಿಂದ ದನ ಅಟ್ಟಿದ್ದರು.

ಎಡಗಡೆಯ ತುದಿಯಲ್ಲಿ 'ಒಗ್ಗಟ್ಟು' ಎಂದು ಅಚ್ಚಾದ ಒಂದು ಸಾಲಿತ್ತು. ಅದನ್ನು ಚೆನ್ನಕೇಶವ ಕೇಳಿದಾಗ ಶ್ಯಾಮಣ್ಣ ಬೆವರು ಒರೆಸಿಕೊಳ್ಳುತ್ತ, "ಇಲ್ಲ ಅಂತ ಬರಿ. ಈ ಊರಲ್ಲಿ ಇಬ್ರು ಒಂದು ಕಡೆ ಸೇರಕ್ಕಿಲ್ಲ," ಎಂದ. ಅಶ್ವತ್ಥಪ್ಪ ಹೌದೆಂದು ತಲೆಯಾಡಿಸಿದ.

ಎಡಗಡೆ ಬೆಳ್ಳಗೇ ಉಳಿಯಿತು. ಚೆನ್ನಕೇಶವನಿಗೆ ಬೇಸರವೇನೂ ಆಗಲಿಲ್ಲ. ಇದಕ್ಕಿಂತ ದರಿದ್ರ ಊರು ಬೇಕೆಂದರೆ ಹೊಸದಾಗಿ ಕಟ್ಟಬೇಕು.

ಮೂರು ಗಂಟೆಗೆ ಭದ್ರಮ್ಮ ಓಡುತ್ತ ಬಂದಳು. "ಲೋ ಚೆನ್ನ, ನಮ್ಮ ಕೆರೇಲಿ ದನ ತುಂಬ್ಕೊಂಡವೆ ಕಣೋ! ನಮ್ಮವಲ್ಲ!"

ಕೊತ್ತಪಲ್ಲಿಯವರಿಗೂ ಫಾರಂ ಬಂದಿತ್ತು. ಅಲ್ಲಿಯೂ ಲೆವಿ ಲಾರಿ ಹೋಗಿತ್ತು. ಅವರೂ ಯೋಚಿಸಿ, ತಮ್ಮ ದನಗಳನ್ನೆಲ್ಲ ಗುಡ್ಡದ ಇನ್ನೊಂದು ಕಡೆಯಿಂದ ಬಸವನದೊಡ್ಡಿಗೆ ಅಟ್ಟಿದ್ದರು. ಬಸವನದೊಡ್ಡಿಯ ದನ ಅರವತ್ತಿದ್ದರೆ ಈಗ ಬಂದು ನಿಂತಿದ್ದು ತೊಂಬತ್ತು. ಎಲ್ಲವೂ ಹುಟ್ಟಿದ್ದೇ ಇಲ್ಲಿ ಎನ್ನುವಂತೆ ಮೆಲುಕು ಹಾಕುತ್ತಿದ್ದವು.

ಚೆನ್ನಕೇಶವ ಪಂಚೆ ಎತ್ತಿಕಟ್ಟಿ ಗುಡ್ಡ ಹತ್ತಿದ. ಕೊತ್ತಪಲ್ಲಿಯಲ್ಲಿ ಫಾರಂ ಇದ್ದದ್ದು ಸೊಣ್ಣಪ್ಪನ ಬಳಿ. ಜೀಪು ಬಂದಾಗ ಓಡಿಹೋಗದೆ ನಿಂತವನು ಅವನೊಬ್ಬನೇ ಆದ್ದರಿಂದ ಅದು ಅವನ ಪಾಲಿಗೆ ಬಂದಿತ್ತು. ಮೂರನೇ ಕ್ಲಾಸನ್ನು ಮೂರು ಸಲ ಓದಿ, ಅಕ್ಷರಗಳ ಜೊತೆ ಸ್ನೇಹ ಬೆಳೆಯದೆ ಬಿಟ್ಟವನು. ಫಾರಂನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದ.

"ಸೊಣ್ಣಪ್ಪ, ನಿಮ್ಮ ದನ ವಾಪಸ್ ಹೊಡ್ಕೊಂಡು ಬಾರಯ್ಯ. ಐದಕ್ಕೆ ಜೀಪು ಬತ್ತದೆ."

"ಜೀಪು ಇಲ್ಲಿಗೂ ಬತ್ತದಲ್ಲಣ್ಣ. ನಾಲ್ಕಕ್ಕೇ ಅಂತೆ." ಸೊಣ್ಣಪ್ಪ ಗಾಳಿ ಬೀಸುವುದು ನಿಲ್ಲಿಸಿದ. "ಒಂದ್ ಕೆಲ್ಸ ಮಾಡಾನ. ಎರಡೂರ ದನಾನೂ ಅಗೋ ಆ ಬಂಡೆಗುಡ್ಡದ ಹಿಂದಕ್ಕೆ ಹೊಡ್ಸ್ತೀನಿ, ಅಲ್ಲಿ ಯಾವನ ಕಣ್ಣಿಗೂ ಬೀಳಕ್ಕಿಲ್ಲ. ನೀನು ಈ ಕಾಗ್ದ ಬರ್ದ್ಕೊಟ್ಬುಡು."

ಚೆನ್ನಕೇಶವ ಪೆನ್ನಿನ ಮುಚ್ಚಳ ಕಚ್ಚಿ ಯೋಚಿಸಿದ. ಕಾಲೇಜಿನಿಂದ ಬಂದ ಚಟ ಅದು. ಮುಚ್ಚಳದ ತುದಿಯಲ್ಲಿ ಅವನ ಹಲ್ಲಿನ ಗುರುತು ಊರಿನವರ ಹೆಬ್ಬೆಟ್ಟಿನಷ್ಟೇ ಸ್ಪಷ್ಟವಾಗಿತ್ತು. ಕೊತ್ತಪಲ್ಲಿ ತನ್ನ ಎದುರಾಳಿ. ಎದುರಾಳಿಯ ಫಾರಂ ತನ್ನ ಕೈಗೇ ಬಂದಿದೆ. ಆ ಊರಿನಲ್ಲಿ ಸಂಘಟಕನಾಗಲು ಯೋಗ್ಯತೆಯಿರುವವರು ಯಾರೂ ಇಲ್ಲವೆಂದು ಎಡಗಡೆಯಲ್ಲೇ ಸ್ಪಷ್ಟಪಡಿಸಿಬಿಟ್ಟರೆ? ಅದು ಸುಳ್ಳೂ ಅಲ್ಲ.

ಅವನು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದ: 'ಈ ಗ್ರಾಮದಲ್ಲಿ ಓದು ಬರಹ ಬಲ್ಲವರು ಒಬ್ಬರೂ ಇಲ್ಲ. ಈ ಅರ್ಜಿಯನ್ನು ಓದಬಲ್ಲವರೂ ಇಲ್ಲ.'

"ಹಿಂಗಂತ ಬರ್ದೀನಿ, ಸರಿಯಾ?" ಎಂದು ಓದಿ ಹೇಳಿದ.

"ನಿಜಾನೇ ತಾನೆ," ಎಂದು ಸೊಣ್ಣಪ್ಪ ಸಂತೋಷವಾಗಿ ಹೆಬ್ಬೆಟ್ಟು ಒತ್ತಿದ.

ಕೊತ್ತಪಲ್ಲಿಯ ಕತೆ ಮುಗಿಯಿತೆಂದುಕೊಂಡು ಚೆನ್ನಕೇಶವ ಗುಡ್ಡ ಇಳಿದ. ಇಳಿಯುವಾಗ ಸಣ್ಣಗೆ ಹಾಡಿಕೊಂಡನೆಂದು ಭದ್ರಮ್ಮ ಆಮೇಲೆ ಹೇಳಿದಳು.

ಐದಕ್ಕೆ ಸರಿಯಾಗಿ ಜೀಪು ಬಂತು. ಸೈಕಲ್ಲು ಇನ್ನೂ ಹಿಂದೆಯೇ ಇತ್ತು. ಊರಿಗೆ ಊರೇ ಹುಣಸೆಮರದ ಕೆಳಗೆ ನೆರೆದಿತ್ತು. ಕೂಲಿ ಮುಗಿಸಿ ಬಂದ ನಾರಾಯಣಮ್ಮನೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಹಿಂದೆ ನಿಂತಿದ್ದಳು. ವೆಂಕಟರಾಮಪ್ಪನವರು ಬಲಗಡೆಯದನ್ನು ಓದಿ ಹುಬ್ಬು ಏರಿಸಿದರು. ಎಡಗಡೆಯದನ್ನು ನೋಡಿ ಇಳಿಸಿದರು.

"ಇದೇನ್ರಿ, ಖಾಲಿ?"

"ಏನೂ ಇಲ್ಲ ಸಾರ್."

"ಏನೂ ಇಲ್ಲದ ಊರು ಭೂಮಿ ಮೇಲೆ ಇರಲ್ಲ. ಒಂದಾದರೂ ಇರಬೇಕು. ಖಾಲಿ ಬಿಟ್ಟ ಫಾರಂ ತಗೊಳ್ಳಲ್ಲ, ವಾಪಸ್ಸು."

ಚೆನ್ನಕೇಶವ ಒಬ್ಬೊಬ್ಬರ ಮುಖ ನೋಡಿದ. ಅಶ್ವತ್ಥಪ್ಪ ಆಕಾಶ ನೋಡುತ್ತಿದ್ದ. ಶ್ಯಾಮಣ್ಣ ನೆಲ ನೋಡುತ್ತಿದ್ದ. ಕೊಂಡಮ್ಮ ಕಣ್ಣು ಕಾಣದವಳಂತೆ ಕೈಯಾಡಿಸಿಕೊಂಡು ಮುಂದೆ ಬಂದಳು.

"ಅದ್ಯಾಕ್ ಸ್ವಾಮಿ ವಾಪಸ್ ಅಂತೀರ? ನಮ್ಮೂರಾಗೆ ನಮ್ ಚೆನ್ನ ಅವ್ನಲ್ಲ!"

ಊರೇ ಉಸಿರು ಬಿಟ್ಟಿತು. ಇವನಿಗೆ ಲೆವಿ ಇಲ್ಲ, ಕಂದಾಯ ಇಲ್ಲ, ಲಾರಿಗೆ ತುಂಬಿಕೊಂಡು ಹೋದರೂ ಯಾರಿಗೂ ನಷ್ಟವಿಲ್ಲ.

"ಹೌದು ಸಾ, ಬಿ.ಎ. ಓದವ್ನೆ!" ಎಂದ ಅಶ್ವತ್ಥಪ್ಪ. "ಊರ್ಗೆಲ್ಲ ಕಾಗ್ದ ಇವ್ನೇ ಬರ್ಕೊಡಾದು. ಒಂದ್ ಕಾಸು ಮುಟ್ಟಕ್ಕಿಲ್ಲ."

"ತಮಿಳೂ ಓದ್ತಾನೆ, ತೆಲುಗೂ ಮಾತಾಡ್ತಾನೆ," ಎಂದ ಶ್ಯಾಮಣ್ಣ. "ಯಾವಾಗ ಕರುದ್ರೂ ಬತ್ತಾನೆ. ಮನೇಲೇ ಇರ್ತಾನಲ್ಲ!"

"ಚಿನ್ನದಂಥ ಹುಡ್ಗ," ಎಂದಳು ಭದ್ರಮ್ಮ.

ಮೂರು ವರ್ಷದಲ್ಲಿ ಮೊದಲ ಸಲ ಊರು ಅವನನ್ನು ಹೊಗಳುತ್ತಿತ್ತು. ಹಿಂದೆ ನಿಂತಿದ್ದ ತಾಯಿಯ ಮುಖದಲ್ಲಿ ಅವನು ಮರೆತೇಹೋಗಿದ್ದ ಏನೋ ಒಂದು ಕಂಡಿತು. ಚೆನ್ನಕೇಶವನ ಕಣ್ಣು ತುಂಬಿತು. ಎಡಗಡೆಯ ಬಿಳಿ ಜಾಗದಲ್ಲಿ ಅವನು ತನ್ನದೇ ಪೆನ್ನಿನಿಂದ ಬರೆದ: 'ವಿದ್ಯಾವಂತ, ಉಚಿತವಾಗಿ ಊರಿನ ಸೇವೆ ಮಾಡುವ ಯುವಕ: ಒಬ್ಬ. ಚೆನ್ನಕೇಶವ, ಬಿ.ಎ.' ಅಡಿಯಲ್ಲಿ ಹೆಬ್ಬೆಟ್ಟುಗಳು ಸಾಲಾಗಿ ಬಿದ್ದವು.

ವೆಂಕಟರಾಮಪ್ಪನವರು ಅದನ್ನು ಎರಡು ಸಲ ಓದಿ ಅವನ ಬೆನ್ನು ತಟ್ಟಿದರು. "ನಿಮ್ಮೂರು ಪುಣ್ಯವಂತ ಊರು ಕಣ್ರಿ. ನೀವೇ ಇದ್ದೀರಲ್ಲ, ಇನ್ನೇನು ಕೊರತೆ? ಈಗ ಕೊತ್ತಪಲ್ಲಿ ನೋಡಿ ಬಂದೆ. ಪಾಪ, ಅಕ್ಷರ ಬಲ್ಲವರು ಒಬ್ಬರೂ ಇಲ್ಲ ಅಂತ ಎಷ್ಟು ಚೆನ್ನಾಗಿ ಬರೆದಿದ್ದಾರೆ! ಓದಿ ಕಣ್ಣಲ್ಲಿ ನೀರು ಬಂತು. ಅವರಿಗೇ ಕೊಡಬೇಕು. ಅಲ್ಲಿ ಸೊಣ್ಣಪ್ಪ ಅಂತ ಒಬ್ಬರಿದ್ದಾರೆ, ಅವರನ್ನೇ ತಗೋತೀವಿ."

"ಅವನಿಗೆ ಓದಕ್ಕೇ ಬರಲ್ಲ ಸಾರ್!"

"ಅದಕ್ಕೇ ಅಲ್ವೇನ್ರಿ? ಓದಿದವರನ್ನ ಉದ್ಧಾರ ಮಾಡಿ ನಮಗೇನಾಗಬೇಕು?"

ಓದಲು ಬಾರದ ಊರಿನ ಅರ್ಜಿಯನ್ನು ಬರೆದವರಾರೆಂದು ಅವರು ಕೇಳಲಿಲ್ಲ. ಫಾರಂನಲ್ಲಿ ಅಂಥ ಪ್ರಶ್ನೆ ಇರಲಿಲ್ಲ. ಚೆನ್ನಕೇಶವನೂ ಹೇಳಲಿಲ್ಲ. ಹೇಳಿದ್ದರೆ ಎರಡೂರಿನ ಎಡಗಡೆಯಲ್ಲೂ ಅವನ ಹೆಸರು ಬೀಳುತ್ತಿತ್ತು.

"ಪೆನ್ನು ಸ್ವಲ್ಪ ಕೊಡಿ," ಎಂದು ಈಸಿಕೊಂಡು, ಜೀಪಿನ ಮೂತಿಯ ಮೇಲೆ ಕಾಗದವಿಟ್ಟು ನೇಮಕದ ಆದೇಶ ಬರೆದು, ಪೆನ್ನನ್ನು ತಮ್ಮ ಜೇಬಿಗೇ ಸಿಕ್ಕಿಸಿಕೊಂಡು ವೆಂಕಟರಾಮಪ್ಪನವರು ಕೊತ್ತಪಲ್ಲಿಯ ಕಡೆಗೆ ಹೊರಟರು. ಸೈಕಲ್ಲು ಜೀಪಿನ ಹಿಂದೆ ಕುಣಿಯುತ್ತ ಹೋಯಿತು. ಊರವರು ಚೆನ್ನಾಗಾಯಿತೆಂದು ಮಾತಾಡಿಕೊಳ್ಳುತ್ತ ದನ ತರಲು ಹೋದರು.

ದೀಪ ಹಚ್ಚುವ ಹೊತ್ತಿಗೆ ಚೆನ್ನಕೇಶವನ ಮನೆಯ ಮುಂದೆ ಸೈಕಲ್ ಗಂಟೆ ಕೇಳಿಸಿತು. ಸೊಣ್ಣಪ್ಪ ಹೊಸ ಸೈಕಲ್ಲನ್ನು, ಹತ್ತಲು ಬಾರದೆ, ಗುಡ್ಡದುದ್ದಕ್ಕೂ ತಳ್ಳಿಕೊಂಡು ಬಂದಿದ್ದ.

"ಅಣ್ಣ, ಈ ಕಾಗ್ದದಾಗೆ ಏನ್ ಬರ್ದೈತೋ ಒಸಿ ಓದ್ಹೇಳು. ತಿಂಗ್ಳು ತಿಂಗ್ಳೂ ನಾನು ವರದಿ ಬರೀಬೇಕಂತೆ. ಮೊದಲ್ನೇದು ನಾಳೇಗೇ ಅಂತೆ. ನೀನಿದ್ದೀಯಲ್ಲ ಅಂತ ಹೂಂ ಅಂದ್ಬುಟ್ಟೆ."

ಚೆನ್ನಕೇಶವ ತಾಯಿಯ ಕಡೆ ನೋಡಿದ. ನಾರಾಯಣಮ್ಮ ಮುದ್ದೆ ಕಟ್ಟುತ್ತಿದ್ದಳು. ಈ ಸಲ ಅವಳು ಸುಮ್ಮನಿರಲಿಲ್ಲ.

"ಬರ್ದ್ಕೊಡಪ್ಪ. ಪುಕ್ಕಟೆ ಮಾಡ್ತೀನಿ ಅಂತ ನೀನೇ ಬರ್ದಿದ್ದೀಯಂತಲ್ಲ."

ಚೆನ್ನಕೇಶವ ಖಾಲಿ ಜೇಬು ಮುಟ್ಟಿ ನೋಡಿಕೊಂಡ. ಆ ದಿನದಲ್ಲಿ ಅವನಿಗೆ ಉಳಿದಿದ್ದ ಒಂದೇ ಸಮಾಧಾನ ಅದು. "ನನ್ನ ಹತ್ರ ಪೆನ್ನಿಲ್ಲ, ಸೊಣ್ಣಪ್ಪ."

"ಅದ್ಕೆ ಯಾಕ್ ಯೋಚ್ನೆ ಮಾಡೀಯ? ಸಾಹೇಬ್ರು ನಂಗೊಂದು ಕೊಟ್ಟವ್ರೆ," ಎಂದು ಸೊಣ್ಣಪ್ಪ ಹೆಮ್ಮೆಯಿಂದ ಸೊಂಟದಿಂದ ಪೆನ್ನು ತೆಗೆದು ಅವನ ಕೈಗಿಟ್ಟ. "ಹಳೇದು ಅಣ್ಣ, ಯಾವನೋ ಮುಚ್ಚಳ ಕಚ್ಚವ್ನೆ. ಆದ್ರೆ ಚೆಂದಾಗಿ ಬರೀತದಂತೆ."