ಮಾವನ ಬಲಗಾಲು ಮತ್ತು ನಡುಗದ ಸ್ಟ್ಯಾಂಡು

ಈ ಜಗತ್ತಿನಲ್ಲಿ ಚಲಿಸದ ವಸ್ತುವೇ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ಅವರು ಅಕ್ಕೂರಿನಲ್ಲಿ ನನ್ನ ಸೋದರಮಾವನ ಮನೆಗೆ ಬಂದವರಲ್ಲ. ಆ ದಿನಗಳಲ್ಲಿ ಅಲ್ಲಿ ಸೀನುವುದಕ್ಕೂ ಅಪ್ಪಣೆ ಬೇಕಿತ್ತು!

ಮಾವ ಮೊದಲು ಚನ್ನಪಟ್ಟಣದ ಗೊಂಬೆಗಳನ್ನು ಲೇತಿನಲ್ಲಿ ಕಡೆಯುತ್ತಿದ್ದವರು. ಬಿಡದಿ ಕಡೆ ಕಾರ್ಖಾನೆಗಳು ಎದ್ದಮೇಲೆ ಮರ ಬಿಟ್ಟು ಕಬ್ಬಿಣ ಹಿಡಿದರು. ಆಗ ಬೆಂಗಳೂರಿನ ಪ್ರಯೋಗಾಲಯವೊಂದರಿಂದ ಕೆಲಸ ಬಂತು. ಅಲ್ಲಿನವರು ಕಣ್ಣಿಗೆ ಕಾಣದ ಒಂದೇ ಒಂದು ಅಯಾನನ್ನು, ಅಂದರೆ ವಿದ್ಯುತ್ತು ಹೊತ್ತ ಪರಮಾಣುವನ್ನು, ವಿದ್ಯುತ್ತಿನ ಬೋನಿನಲ್ಲಿ ಹಿಡಿದಿಟ್ಟು, ಅದರಿಂದ ಲೆಕ್ಕ ಮಾಡಿಸುವ ಹೊಸ ನಮೂನೆಯ ಕಂಪ್ಯೂಟರು ಕಟ್ಟಲು ಹೊರಟಿದ್ದರು. ಬೋನನ್ನು ಹಿಮಾಲಯವೇ ಕಂಬಳಿ ಕೇಳುವಷ್ಟು ತಣ್ಣಗಿಡಬೇಕು. ತಣ್ಣಗಿಡುವ ಯಂತ್ರವೋ, ಒನಕೆಯಂತೆ ಕುಟ್ಟುತ್ತದೆ. ಆ ಕುಟ್ಟು ಅಯಾನಿಗೆ ತಟ್ಟಿದರೆ ಲೆಕ್ಕವೆಲ್ಲ ತಪ್ಪು. ಆದ್ದರಿಂದ ಯಂತ್ರ ಒಂದು ಚೌಕಟ್ಟಿನಲ್ಲಿ ನೇತಾಡಬೇಕು, ಬೋನು ಇನ್ನೊಂದರ ಮೇಲೆ ಅಲುಗದೆ ನಿಲ್ಲಬೇಕು. ಅಂಥ ಸ್ಟ್ಯಾಂಡನ್ನು ಮಾವ ಎರಡು ಸಲ ಬೆಂಗಳೂರಿಗೆ ಒಯ್ದು, ಪಕ್ಕದಲ್ಲೇ ಕೂತು ಪರೀಕ್ಷೆ ಮಾಡಿಸಿ, ಎರಡು ಸಲವೂ ವಾಪಸು ತಂದಿದ್ದರು. ಮೂರನೆಯ ಸಲವೂ ನಡುಗಿದರೆ ಕೆಲಸ ಬೇರೆಯವರ ಪಾಲು.

ಹಿತ್ತಲಿನ ಶೆಡ್ಡಿನಲ್ಲಿ ಸ್ಟ್ಯಾಂಡಿನ ಮೇಲೆ ನೀರಿನ ಬಟ್ಟಲಿಟ್ಟು ಮಾವ ತಪಸ್ಸಿಗೆ ಕೂತರು. ನೀರು ನಡುಗಿತು. ಅಪರಾಧಿಯ ಹುಡುಕಾಟ ಶುರು!

"ಲೇ, ನಿನ್ನೆಮ್ಮೆ ಅತ್ಲಾಗ್ ಕಟ್ಲಾ!" ಎಂದು ಪಕ್ಕದ ಮನೆಯವನಿಗೆ ಕೂಗಿದರು.

"ಅದು ಮಲ್ಗೈತೆ ಕಣಣ್ಣೋ."

"ಮಲ್ಗುದ್ರೇನ್ಲಾ, ಮೆಲುಕಾಕ್ತೈತಲ್ಲ!"

ಎಮ್ಮೆ ಗಡೀಪಾರಾಯಿತು. ಮುಂದಿನ ಸರದಿ ಅತ್ತೆಯ ಒರಳಿನದು.

"ರುಬ್ದೆ ಸಾರೆಂಗ್ ಮಾಡ್ಲಿ?"

"ಮೂರ್ ದಿನ ಮಜ್ಗೆ ಉಣ್ಣಾನ."

"ಮಜ್ಗೆ ಕಡೀಬ್ಯಾಡ್ವಾ?"

ಮಾವ ಗಂಭೀರವಾಗಿ ಆಲೋಚಿಸಿದರು. "ಒಸಿ ಮೆಲ್ಲುಗ್ ಕಡಿ."

ಮಜ್ಜಿಗೆ ಮೆಲ್ಲಗೆ ಆಯಿತು. ನೀರು ಮಾತ್ರ ನಡುಗುತ್ತಲೇ ಇತ್ತು.

ಕೊನೆಗೆ ಪ್ರಯೋಗಾಲಯದ ಮೇಡಂ ತಾವೇ ಬಂದರು. ಜೊತೆಗೆ ತಂದಿದ್ದ ತಣ್ಣಗಿಡುವ ಯಂತ್ರ ತೂಗುಹಾಕಿ, ಚಾಲೂ ಮಾಡಿ, ನಡುಕ ಅಳೆಯುವ ಮೀಟರು ಜೋಡಿಸಿದರು. ಮೀಟರಿನ ಮುಳ್ಳು ಕುಣಿಯಿತು.

"ಮೈಸೂರು ರೋಡಿನ ಲಾರಿ ಮೇಡಂ," ಎಂದರು ಮಾವ.

ಮೇಡಂ ಮುಳ್ಳನ್ನು ನೋಡಿದರು. ಆಮೇಲೆ ಕೆಳಗೆ ನೋಡಿದರು. ಸ್ಟ್ಯಾಂಡು ನಿಂತ ಹಲಗೆಯ ಮೇಲೇ ಊರಿದ್ದ ಮಾವನ ಬಲಗಾಲು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು.

"ಸರ್, ಅದು ಲಾರಿಯಲ್ಲ. ನಿಮ್ಮ ಕಾಲು."

"ನಂದಾ?"

ಕಾಲು ನಿಂತಿತು, ಮುಳ್ಳೂ ನಿಂತಿತು. ಎರಡು ನಿಮಿಷಕ್ಕೆ ಕಾಲು ಮತ್ತೆ ಹೊರಟಿತು! ಮಾವ ಎದ್ದು, ಎಮ್ಮೆಯನ್ನು ಅಟ್ಟಿದ ಜಾಗಕ್ಕೇ ಹೋಗಿ ಕೂತರು.

ನಾನು ನಕ್ಕು ನಕ್ಕು ಅಡುಗೆಮನೆಗೆ ಹೋಗಿ ಅತ್ತೆಗೆ ವರದಿ ಒಪ್ಪಿಸಿದೆ. ಅತ್ತೆ ನಗಲಿಲ್ಲ.

"ನಿಮ್ಮವ್ವ ಆಸ್ಪತ್ರೇಲಿದ್ದಾಗ ಇವ್ರು ನಿನ್ ತೊಟ್ಲಗ್ಗವ ಆ ಕಾಲ್ಗೇ ಕಟ್ಕಂಡು ಗೊಂಬೆ ಕಡೀತಿದ್ರು ಕಣಪ್ಪ. ಒಸಿ ನಿಲ್ಸುದ್ರೆ ಸಾಕು, ಕಿರುಚ್ಬುಡ್ತಿದ್ದೆ. ನೀನು ತೊಟ್ಲಿಂದ ಎದ್ದೋದೆ. ಕಾಲು ನಿಲ್ನಿಲ್ಲ."

ನಾನು ಹೊರಗೆ ಹೋಗಿ ಮಾವನ ಪಕ್ಕದಲ್ಲಿ ಕೂತೆ. ಕಾಲು ತೂಗುತ್ತಲೇ ಇತ್ತು.

ಶೆಡ್ಡಿನೊಳಗೆ ಮುಳ್ಳು ಅಲುಗಲಿಲ್ಲ. ಸ್ಟ್ಯಾಂಡು ಪಾಸಾಯಿತು.